ಮೀನು ಮೂಸುವ ಕೆಲಸ

ಬೋಪಣ್ಣ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ ಸದ್ದು ಕೇಳಿದ ಮೇಲೆಯೇ ದೇಚಮ್ಮ ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದಳು. ಮಂಗಳವಾರ, ಶುಕ್ರವಾರ ಬೆಳಗಿನ ವಿಮಾನದಲ್ಲಿ ಮುಂಬೈಯಿಂದ ಬರುವ ಥರ್ಮೋಕೋಲ್ ಪೆಟ್ಟಿಗೆ ಅದು. ಗಂಡ ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಇಳಿಸಿ, ನೇರ ಸ್ನಾನಕ್ಕೆ ಹೋಗುತ್ತಿದ್ದ. ಅವನು ಹೊರಬರುವುದರೊಳಗೆ ಅವಳು ಐಸು ಸರಿಸಿ, ಪ್ಲಾಸ್ಟಿಕ್ ಬಿಡಿಸಿ, ಟ್ಯೂನಾದ ತುಂಡು, ಅಂಜಲಿನ ತುಂಡು, ಬಂಗುಡೆ, ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ಮೂಸಬೇಕು. ಸಂಶಯ ಬಂದದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಬೇಕು. ಉಳಿದದ್ದನ್ನು ಮೊದಲಿದ್ದ ಹಾಗೇ ಜೋಡಿಸಿ, ಕೈ ತೊಳೆದು, ಏನೂ ಅರಿಯದವಳಂತೆ ಅಕ್ಕಿ ತೊಳೆಯಲು ನಿಲ್ಲಬೇಕು. ಹತ್ತು ಬಂಗುಡೆಗೆ ಬಿಲ್ಲು ಕೊಟ್ಟು ಪೆಟ್ಟಿಗೆಯಲ್ಲಿ ಎಂಟೇ ಇದೆಯಲ್ಲ ಎಂದು ಗಂಡ ಒಮ್ಮೆಯೂ ಕೇಳಿರಲಿಲ್ಲ. ಎಣಿಸುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಫೆಬ್ರವರಿಯಿಂದ ಹೀಗೇ ನಡೆದಿತ್ತು. ಜನವರಿಯಲ್ಲಿ ಬೋಪಣ್ಣನಿಗೆ ಹತ್ತು ದಿನ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಒಂದು ದಿನ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಸೀದು, ಮನೆಯೆಲ್ಲ ಕಮಟು ತುಂಬಿದರೂ ಅವನು ಅದೇ ಒಲೆಯ ಪಕ್ಕ ಕೂತು ಮೊಬೈಲು ನೋಡುತ್ತಿದ್ದ. ದೇಚಮ್ಮ ಹಿತ್ತಲಿಂದ ಓಡಿಬಂದು ಒಲೆ ಆರಿಸಿದಳು. ಅವನು ತಲೆಯೆತ್ತಿ, ಏನಾಯಿತು ಎಂದ. ಏನಿಲ್ಲ ಎಂದು ಅವಳು ಪಾತ್ರೆ ಉಜ್ಜಲು ಹಾಕಿದಳು. ಮರುದಿನದಿಂದ ಮೀನು ಮೂಸತೊಡಗಿದಳು.

ಅವರದು ಸುಶಿ ಅಂಗಡಿ. ಬೇಯಿಸಿದ ಮೀನಾದರೆ ಮಸಾಲೆಯ ಹೊದಿಕೆಯಲ್ಲಿ ಹೇಗೋ ನಡೆದುಹೋಗುತ್ತದೆ. ಹುಳಿ ಬೆರೆಸಿದ ಅನ್ನದ ಮುದ್ದೆಯ ಮೇಲೆ ಹಸಿ ಮೀನಿನ ಚೂರಿಟ್ಟು ಜನರ ಬಾಯಿಗೆ ಕೊಡುವ ಕಡೆ, ಅದೂ ಸಮುದ್ರವೇ ಇಲ್ಲದ ನಾಗಪುರದಲ್ಲಿ, ಮೂಗಿಲ್ಲದೆ ನಡೆಯುವುದಿಲ್ಲ. ಇದು ಬೋಪಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಅವನು ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಅಂಗಡಿಯ ಹೆಸರು ಮಿನಾತೊ. ಜಪಾನೀ ಮಾತಿನಲ್ಲಿ ಬಂದರು ಎಂದರ್ಥ. ಬೋರ್ಡು ಏರಿಸಿದ ದಿನವೇ ಮಾವ ಅಪ್ಪಣ್ಣ, ಇಲ್ಲಿಗೆ ಯಾವ ಹಡಗು ಬರುತ್ತದಪ್ಪ ಎಂದು ಕೇಳಿದ್ದರು. ವಾಯುಸೇನೆಯಲ್ಲಿ ಮೂವತ್ತು ವರ್ಷ ದುಡಿದು, ಕೊನೆಯ ಪೋಸ್ಟಿಂಗ್ ಆದ ಊರಿನಲ್ಲೇ ಸೈಟು ಕೊಂಡು, ಮನೀಶ್ ನಗರದಲ್ಲಿ ಇನ್ನೂ ತೊಗರಿ ಬೆಳೆಯುತ್ತಿದ್ದ ಕಾಲಕ್ಕೆ ಮನೆ ಕಟ್ಟಿಸಿದವರು ಅವರು. ಈಗ ಎಂಬತ್ತನಾಲ್ಕು. ಅವರು ಕೂತು ಪೇಪರ್ ಓದುತ್ತಿದ್ದ ಮುಂದಿನ ಹಾಲಿನಲ್ಲೇ ಮಗ ಮರದ ಉದ್ದನೆಯ ಕಟ್ಟೆ ಹಾಕಿಸಿ, ಎಂಟು ಸ್ಟೂಲು ಇಟ್ಟ. ಪೇಪರು ಹಿಂದಿನ ವರಾಂಡಕ್ಕೆ ಹೋಯಿತು. ಅಲ್ಲಿ ಬೆಳಕು ಸಾಲದು ಎಂಬ ದೂರು ಆರು ವರ್ಷದಿಂದ ದಿನವೂ ಬೆಳಗಿನ ಗಂಜಿಯ ಜೊತೆಗೇ ಬರುತ್ತಿತ್ತು.

ಬೋಪಣ್ಣ ಈ ವಿದ್ಯೆ ಕಲಿತದ್ದು ಜಪಾನಿನ ಕೋಬೆಯಲ್ಲಿ, ಒಬ್ಬ ಮುದುಕ ಮುದುಕಿ ನಡೆಸುತ್ತಿದ್ದ ಹತ್ತಡಿ ಅಗಲದ ಅಂಗಡಿಯಲ್ಲಿ. ಹಡಗಿನ ಅಡುಗೆಯವನಾಗಿ ಹೋದವನು ಹಡಗು ಬಿಟ್ಟು, ಅಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿ ಇಪ್ಪತ್ತನಾಲ್ಕು ವರ್ಷ ಇದ್ದ. ಮದುವೆಯಾಗಿ ಹೋದ ದೇಚಮ್ಮನನ್ನು ಮುದುಕಿ ಅನ್ನದ ಕೆಲಸಕ್ಕೆ ಹಚ್ಚಿದಳು. ಆ ಅಂಗಡಿಯ ಕಟ್ಟಳೆಯೇ ಹಾಗೆ. ಮೀನು ಗಂಡನದು, ಅನ್ನ ಹೆಂಡತಿಯದು. ಅನ್ನ ಮಾಡುವವಳು ಮೀನು ಮುಟ್ಟಬಾರದು, ಮೀನು ಕುಯ್ಯುವವನು ಅನ್ನ ಬೇಯುವ ಕಡೆ ತಲೆ ಹಾಕಬಾರದು. ಊಟದವರು ಎದುರಿಗಿರುವಷ್ಟು ಹೊತ್ತು ಗಂಡ ಹೆಂಡತಿ ತಮ್ಮೊಳಗೆ ಒಂದು ಮಾತೂ ಆಡಬಾರದು. ಮುದುಕ ತೀರಿಕೊಂಡು ಅಂಗಡಿ ಮುಚ್ಚಿದಾಗ ಬೋಪಣ್ಣ ಎರಡು ಚಾಕುಗಳ ಜೊತೆ ಈ ಕಟ್ಟಳೆಯನ್ನೂ ಗಂಟು ಕಟ್ಟಿ ನಾಗಪುರಕ್ಕೆ ತಂದ.

ಅಂಗಡಿ ಸಣ್ಣದಾದರೂ ಹೆಸರು ಮಾಡಿತ್ತು. ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನ ಆಫೀಸುಗಳಿಂದ ಬರುತ್ತಿದ್ದರು, ಕಾಮಠಿಯಿಂದ ಮಿಲಿಟರಿಯವರು ಹೆಂಡತಿಯರನ್ನು ಕರೆದುಕೊಂಡು ಬರುತ್ತಿದ್ದರು. ಬಂದವರೆಲ್ಲ ಮೀನನ್ನು ಹೊಗಳುತ್ತಿದ್ದರು, ಬೋಪಣ್ಣನ ಕೈಯನ್ನು ಹೊಗಳುತ್ತಿದ್ದರು. ಅನ್ನವನ್ನು ಯಾರು ಹೊಗಳುತ್ತಾರೆ? ಅದು ಏಳು ನೀರಿನಲ್ಲಿ ತೊಳೆದ ಅಕ್ಕಿ, ಬೆಂದ ಮೇಲೆ ಮರದ ತೊಟ್ಟಿಗೆ ಸುರಿದು, ಹುಳಿನೀರು ಹಾಕಿ, ಒಂದು ಕೈಯಲ್ಲಿ ಬೀಸಣಿಗೆ ಬೀಸುತ್ತ ಇನ್ನೊಂದು ಕೈಯಲ್ಲಿ ಕಾಳು ಮುರಿಯದಂತೆ ತಿರುವಿ ತಿರುವಿ ಆರಿಸಿದ್ದು ಎಂದು ತಿನ್ನುವವರಿಗೆ ಗೊತ್ತಾಗುವುದೂ ಇಲ್ಲ. ದೇಚಮ್ಮನ ಬಲಗೈ ಮಣಿಕಟ್ಟಿಗೆ ಗೊತ್ತಿತ್ತು. ಎರಡು ವರ್ಷದಿಂದ ಅದು ನೋಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಮಾವನ ಗಂಜಿ, ಏಳೂವರೆಗೆ ಕಂಪನಿಯ ಕ್ಯಾಬ್ ಹತ್ತುವ ಮಗಳು ಗ್ರೀಷ್ಮಾಳ ಡಬ್ಬಿ, ಆಮೇಲೆ ಅಂಗಡಿಯ ಅನ್ನ, ಈಗ ಇದರ ಮೇಲೆ ಕಳ್ಳತನದಲ್ಲಿ ಮೀನು ಮೂಸುವುದು. ಅವಳು ದಣಿದಿದ್ದಳು. ಆದರೆ ನಿಜ ಹೇಳಿದರೆ ಮಾವ ಅದೇ ದಿನ ಬೋರ್ಡು ಇಳಿಸಿ ಎನ್ನುತ್ತಾರೆ. ಅರವತ್ತು ತುಂಬಿದ ಗಂಡ ಆಮೇಲೆ ಏನು ಮಾಡುತ್ತಾನೆ, ಮುಖ ಎಲ್ಲಿಟ್ಟುಕೊಳ್ಳುತ್ತಾನೆ ಎಂಬುದು ಅವಳ ಚಿಂತೆ.

ಮೇ ತಿಂಗಳ ಕೊನೆಯ ಶನಿವಾರ ಎಲ್ಲವೂ ಬಯಲಾಯಿತು. ಅದಕ್ಕೆ ಕಾರಣ ಕೆಟ್ಟ ಮೀನಲ್ಲ. ದೇಚಮ್ಮನ ತಮ್ಮ ಪೊನ್ನಪ್ಪ ಮಡಿಕೇರಿಯಿಂದ ಕಾಚಂಪುಳಿ ಕಳಿಸಿದ್ದ. ಕೊಡಗಿನವರು ಹಂದಿ ಸಾರಿಗೂ ಮೀನು ಸಾರಿಗೂ ಹಾಕುವ, ಕಪ್ಪಗೆ ಮಂದವಾದ, ಹಲ್ಲು ಚುಳ್ಳೆನಿಸುವ ಹುಳಿ ಅದು. ದೊಡ್ಡ ಕ್ಯಾನಿನಿಂದ ಅದನ್ನು ಸಣ್ಣ ಬಾಟಲಿಗಳಿಗೆ ತುಂಬುವ ಕೆಲಸವನ್ನು ಅಪ್ಪಣ್ಣ ತಾವಾಗಿ ಹಿಡಿದರು. ಕೈಗೆ ಸಿಕ್ಕಿದ ಖಾಲಿ ಸೋಯಾ ಸಾಸಿನ ಬಾಟಲಿಗೆ ತುಂಬಿ, ಖಾಲಿ ಜಾಗ ಕಂಡ ಅಂಗಡಿಯ ಕಪಾಟಿನಲ್ಲಿ ಇಟ್ಟರು. ಸಹಾಯ ಮಾಡಿದ ತೃಪ್ತಿಯಲ್ಲಿ ಆ ಮಧ್ಯಾಹ್ನ ಅವರು ಚೆನ್ನಾಗಿ ನಿದ್ದೆ ಮಾಡಿದರು.

ಸಂಜೆ ಎಂಟೂ ಸ್ಟೂಲು ತುಂಬಿತ್ತು. ಬೋಪಣ್ಣ ಅಂಜಲಿನ ಚೂರುಗಳನ್ನು ಅನ್ನದ ಮೇಲೆ ಒತ್ತಿ, ಬಾಟಲಿಯಿಂದ ಬಟ್ಟಲಿಗೆ ಕಪ್ಪನೆಯದನ್ನು ಬಗ್ಗಿಸಿ, ಬ್ರಷ್ಷಿನಲ್ಲಿ ಅದ್ದಿ ಒಂದೊಂದರ ಮೇಲೂ ಸವರಿ ಕೊಡುತ್ತ ಹೋದ. ಕೌಂಟರಿನ ಆ ತುದಿಯಿಂದ ಐದು ಜನಕ್ಕೆ ಕೊಟ್ಟಾಗಿತ್ತು. ಅನ್ನದ ತೊಟ್ಟಿ ಹಿಡಿದು ಅಡುಗೆಮನೆಯ ಪರದೆ ಸರಿಸಿದ ದೇಚಮ್ಮನ ಮೂಗಿಗೆ ತವರಿನ ಹುಳಿ ಘಂ ಎಂದು ಹೊಡೆಯಿತು. ಗಂಡ ಬಟ್ಟಲಿನ ಮೇಲೇ ಬಗ್ಗಿ ನಿಂತಿದ್ದ. ಅವನಿಗೆ ಏನೂ ತಿಳಿದಿರಲಿಲ್ಲ.

ಮಾತಾಡುವ ಹಾಗಿಲ್ಲ. ಅವಳು ತೊಟ್ಟಿ ಇಳಿಸಿ, ನಾಲ್ಕು ಹೆಜ್ಜೆ ನಡೆದು, ಅವನ ಕೈಯಿಂದ ಬ್ರಷ್ಷು ತೆಗೆದುಕೊಂಡಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಮೀನು ಕುಯ್ಯುವ ಹಲಗೆಯ ಹತ್ತಿರ ಕೈ ಚಾಚಿದ್ದು ಅದೇ ಮೊದಲು. ಅವನು ಅವಳ ಮುಖ ನೋಡಿದ, ಬಟ್ಟಲು ನೋಡಿದ, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ. ಅವನ ಮುಖ ಇಷ್ಟು ಚಿಕ್ಕದಾಯಿತು.

ಪ್ರತಿ ವಾರವೂ ಬರುವ ಗದಗಿನ ಶಂಕರಪ್ಪ, ವರ್ಧಾ ರೋಡಿನ ಒಂದು ಸಂಶೋಧನಾಲಯದಲ್ಲಿ ದೊಡ್ಡ ಕೆಲಸದಲ್ಲಿದ್ದವರು, ಬಾಯಲ್ಲಿದ್ದದ್ದನ್ನು ನುಂಗಿ ನೀರು ಕುಡಿದರು.

"ಇದೇನ್ ಹೊಸಾದು ಮಾಡೀರಿ? ಚಲೋ ಹುಳಿ ಐತಿ ನೋಡ್ರಿ."

ಪಕ್ಕದವರು ಇದೂ ಒಂದು ಜಪಾನೀ ಪದ್ಧತಿಯಿರಬೇಕೆಂದು ತಲೆಯಾಡಿಸಿದರು. ಬಿಲ್ಲು ಬರೆಯಲು ಕೂತಿದ್ದ ಗ್ರೀಷ್ಮಾ ಮಾತ್ರ ಪೆನ್ನು ಕೆಳಗಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ಕಾಚಂಪುಳಿಯ ವಾಸನೆ ಅವಳಿದ್ದ ಕಡೆಗೂ ಬಂದಿತ್ತು.

ಜಗಳ ಶುರುವಾದದ್ದು ಭಾನುವಾರ ಮಧ್ಯಾಹ್ನ, ಕೋಳಿ ಸಾರು, ಅಕ್ಕಿ ಶಾವಿಗೆಯ ನೂಪುಟ್ಟಿನ ಮುಂದೆ. ಎಷ್ಟು ದಿನದಿಂದ ಹೀಗೆ ಎಂದು ಗ್ರೀಷ್ಮಾ ಅಪ್ಪನನ್ನು ಕೇಳಿದಳು. ಅವನು ನೂಪುಟ್ಟನ್ನು ಸಾರಿನಲ್ಲಿ ಕಲಸತೊಡಗಿದ. ಫೆಬ್ರವರಿಯಿಂದ ಎಂದು ದೇಚಮ್ಮ ಹೇಳಿದಳು. ಆಗ ಸಿಟ್ಟೆಲ್ಲ ಅಮ್ಮನ ಕಡೆ ತಿರುಗಿತು.

"ಮತಲಬ್ ನಾಲ್ಕು ತಿಂಗಳು ನಿಂಗೆ ಗೊತ್ತಿತ್ತು. ನಮ್ಮ ಆಫೀಸಿನವರನ್ನೆಲ್ಲ ನಾನೇ ಕರ್ಕೊಂಡ್ ಬರ್ತಿದ್ದೆ ಅಮ್ಮ. ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

"ಆಗ್ಲಿಲ್ಲ. ಒಂದೊಂದು ತುಂಡೂ ಮೂಸಿ ಕೊಟ್ಟಿದೀನಿ."

ಅಪ್ಪಣ್ಣ ಕಾಯುತ್ತಿದ್ದವರಂತೆ ಮುಚ್ಚಿಬಿಡಿ ಎಂದರು. ಈ ಊರಿಗೆ ಹಸಿ ಮೀನು ಯಾಕೆ ಎಂದು ತಾವು ಆರು ವರ್ಷದಿಂದ ಹೇಳುತ್ತಲೇ ಬಂದದ್ದು ಯಾರ ಕಿವಿಗೂ ಹೋಗಲಿಲ್ಲ ಎಂದರು. ಬಾಟಲಿ ಇಟ್ಟವರು ಯಾರು ಎಂದು ಮೊಮ್ಮಗಳು ತಿರುಗಿ ಕೇಳಿದಳು. ಅದರ ಮೇಲೆ ಒಂದಷ್ಟು ಹೊತ್ತು ವಾದ ನಡೆಯಿತು. ಮುಚ್ಚುವ ಮಾತೇ ಇಲ್ಲ, ಎಲ್ಲದಕ್ಕೂ ದಾರಿ ಇದೆ ಎಂದು ಗ್ರೀಷ್ಮಾ ಬೆರಳು ಮಡಚುತ್ತ ಹೇಳತೊಡಗಿದಳು. ಅಮ್ಮ ಬೆಳಿಗ್ಗೆ ಮೀನು ಮೂಸಿಬಿಡುವುದು, ಆಮೇಲೆ ಅನ್ನದ ಕೆಲಸ ಮುಗಿಸುವುದು, ಸಂಜೆ ಅಪ್ಪನ ಪಕ್ಕ ಕೌಂಟರಿನಲ್ಲಿ ನಿಲ್ಲುವುದು, ಅಲ್ಲಿಗೆ ಎಲ್ಲ ಬರೋಬರ್ ಆಗುತ್ತದೆ. ಅಮ್ಮ ಆಗ ಎಡಗೈಯಲ್ಲಿ ಸೌಟು ಹಿಡಿದು ಮಾವನಿಗೆ ಸಾರು ಬಡಿಸುತ್ತಿದ್ದಳು. ಬಲಗೈ ಎತ್ತಲಾಗುತ್ತಿರಲಿಲ್ಲ.

ಬೋಪಣ್ಣ ಅಷ್ಟು ಹೊತ್ತಿಗೆ ಮಾತಾಡಿದ. ಕೌಂಟರಿನಲ್ಲಿ ನಿಲ್ಲುವುದೆಲ್ಲ ಬೇಡ ಎಂದ.

"ಬೆಳಿಗ್ಗೆ ಮೂಸೋದು ಹೇಗೂ ನಡೀತಾನೇ ಇತ್ತಲ್ಲ. ಹಾಗೇ ನಡ್ಕೊಂಡ್ ಹೋಗ್ಲಿ."

ದೇಚಮ್ಮ ಸೌಟನ್ನು ಪಾತ್ರೆಗೆ ಇಳಿಸಿದಳು. "ನಿಮಗೆ ಗೊತ್ತಿತ್ತಾ?"

ಅವನ ಮುಖದಲ್ಲಿ ಸಣ್ಣ ನಗೆ ಕೂಡ ಬಂತು. ಇದನ್ನು ಕೇಳಿ ಅವಳಿಗೆ ಹಿತವಾದೀತು ಎಂದೇ ಅವನು ಎಣಿಸಿದ್ದ. "ಅರ್ಧ ಗಂಟೆ ಸ್ನಾನ ಮಾಡೋಷ್ಟು ಕೊಳೆ ಎಲ್ಲಿತ್ತು ದೇಚು ನಂಗೆ? ನೀನು ಮುಗಿಸ್ಲಿ ಅಂತ ಬಕೆಟ್ ಮಗುಚಿ ಹಾಕ್ಕೊಂಡು ಅದರ ಮೇಲೆ ಕೂತಿರ್ತಿದ್ದೆ."

ಅವಳಿಗೆ ಹಿತವಾಗಲಿಲ್ಲ. ಅವನ ಮರ್ಯಾದೆ ಉಳಿಸಲು ತಾನು ಒಂದೊಂದು ಸಲವೂ ಎದೆ ಹಿಡಿದುಕೊಂಡು, ಬಚ್ಚಲಿನ ಚಿಲಕದ ಕಡೆ ಒಂದು ಕಿವಿಯಿಟ್ಟು, ಕಸದ ಬುಟ್ಟಿಗೆ ಮೀನು ಬಚ್ಚಿಟ್ಟಿದ್ದೇನೆ. ಇವನು ಒಳಗೆ ಬಕೆಟ್ಟಿನ ಮೇಲೆ ಆರಾಮಾಗಿ ಕೂತಿದ್ದಾನೆ. ಹಾಗಾದರೆ ಆ ಸಹಾಯ ಅವಳು ಕೊಟ್ಟದ್ದಲ್ಲ, ಅವನು ತೆಗೆದುಕೊಂಡದ್ದು.

"ನಾಲ್ಕು ತಿಂಗಳು ಕಳ್ಳಿ ಥರ ಮೂಸಿದೀನಿ. ಒಂದು ಮಾತು ಕೇಳ್ಬೋದಿತ್ತಲ್ಲ ನೀವು?"

"ಕೇಳಿದ್ರೆ ಬೇಡ ಅಂತಿದ್ಯಾ?"

"ಅಂತಿರ್ಲಿಲ್ಲ. ಅದಕ್ಕೇ ಕೇಳ್ಬೇಕಿತ್ತು."

ಅವಳು ತನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಸಾರು ಮುಂದೆ ಯಾರಿಗೂ ರುಚಿಸಲಿಲ್ಲ.

ಮಂಗಳವಾರ ಪೆಟ್ಟಿಗೆ ಬಂತು. ಬೋಪಣ್ಣ ಕಟ್ಟೆಯ ಮೇಲೆ ಇಳಿಸಿ ಅಭ್ಯಾಸದಂತೆ ಸ್ನಾನಕ್ಕೆ ಹೋದ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಪೆಟ್ಟಿಗೆಯ ಟೇಪು ಹಾಗೇ ಇತ್ತು. ಕೆಳಗಿನಿಂದ ಐಸಿನ ನೀರು ಸೋರಿ ನೆಲ ಒದ್ದೆಯಾಗಿತ್ತು. ದೇಚಮ್ಮ ವರಾಂಡದಲ್ಲಿ ಕೂಲರಿನ ಎದುರು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹೊರಗೆ ಆಗಲೇ ಬಿಸಿಲು ಸುಡುತ್ತಿತ್ತು. ಅವನು ಬಾಗಿಲಲ್ಲಿ ನಿಂತ. ಅವಳು ತಲೆಯೆತ್ತಲಿಲ್ಲ. ಅವನೂ ಕೇಳಲಿಲ್ಲ.

ತಾನೇ ಪೆಟ್ಟಿಗೆ ತೆರೆದ. ಟ್ಯೂನಾ ಎತ್ತಿ ಮೂಗಿಗೆ ಹಿಡಿದ, ಬೆರಳಿನಿಂದ ಒತ್ತಿ ನೋಡಿದ, ಬಣ್ಣ ನೋಡಿದ. ಬಂಗುಡೆಯ ಕಿವಿರು ಎತ್ತಿ ನೋಡಿದ. ಕಣ್ಣು ಒಂದು ಹೇಳಿದರೆ ಧೈರ್ಯ ಇನ್ನೊಂದು ಹೇಳಿತು. ಕೊನೆಗೆ ಒಂದು ತುಂಡನ್ನು ಅಪ್ಪನ ಮುಖದ ಹತ್ತಿರ ಹಿಡಿದ. ತಮಗೆ ಎಲ್ಲ ಮೀನೂ ಒಂದೇ ನಾತ ಎಂದು ಅಪ್ಪಣ್ಣ ಪೇಪರು ಮೇಲೆತ್ತಿಕೊಂಡರು. ಹತ್ತು ಗಂಟೆಗೆ ಬೋಪಣ್ಣ ಬುಕ್ ಮಾಡಿದವರಿಗೆಲ್ಲ ಫೋನು ಮಾಡಿ, ಮನೆಯಲ್ಲಿ ಹುಷಾರಿಲ್ಲ ಎಂದು ಹೇಳಿದ. ಮೀನನ್ನೆಲ್ಲ ಚೀಲಕ್ಕೆ ತುಂಬಿ ಹೊರಗೆ ಒಯ್ದ. ಮೀನು ಚೆನ್ನಾಗಿತ್ತು. ಅವನು ಪಕ್ಕದಲ್ಲಿ ಹಾದುಹೋದಾಗಲೇ ದೇಚಮ್ಮನಿಗೆ ತಿಳಿಯಿತು. ಅಷ್ಟು ಒಳ್ಳೆಯ ಮೀನು ಕಸಕ್ಕೆ ಹೋಗುವುದು ನೋಡಿ ಅವಳಿಗೆ ಸಂಕಟವಾಯಿತು. ಆದರೂ ಏಳಲಿಲ್ಲ.

ಆ ವಾರ ಮನೆಯಲ್ಲಿ ಮೊಟ್ಟೆ, ತೊವ್ವೆ, ಬದನೆಕಾಯಿ. ಬೋಪಣ್ಣ ಮಸೆದ ಚಾಕುವನ್ನೇ ಮತ್ತೆ ಮಸೆದ, ಫ್ರಿಜ್ಜು ಎರಡು ಸಲ ಒರೆಸಿದ. ಅಪ್ಪಣ್ಣನಿಗೆ ಬೇಕಾದ ಮುಂದಿನ ಕೋಣೆ ಸಿಕ್ಕಿತ್ತು. ಬುಧವಾರ ಪೇಪರು ಹಿಡಿದು ಹೋಗಿ ಖಾಲಿ ಸ್ಟೂಲಿನ ಮೇಲೆ ಕೂತರು. ಸಂಜೆ ಏಳಕ್ಕೆ ಯಾರೂ ಬರಲಿಲ್ಲ, ಶಂಕರಪ್ಪ ಬಂದು ಸರ್ವಿಸಿನ ಕಥೆ ಕೇಳಲಿಲ್ಲ, ಮೇಜರ್ ಒಬ್ಬರ ಹೆಂಡತಿ ನಮಸ್ಕಾರ ಅಂಕಲ್ ಎನ್ನಲಿಲ್ಲ. ಗುರುವಾರ ಅವರು ಮತ್ತೆ ವರಾಂಡಕ್ಕೆ ಬಂದು, ಅಂಗಡಿ ಎಷ್ಟು ದಿನ ಹೀಗೇ ಎಂದು ಸೊಸೆಯನ್ನೇ ಗದರಿದರು. ಮುಚ್ಚಿ ಅಂದವರು ನೀವೇ ಅಲ್ಲವಾ ಮಾವ ಎಂದು ಅವಳು ಕೇಳಿದಾಗ, ತಾನು ಹಾಗೆ ಅಂದದ್ದು ಸಿಟ್ಟಿನಲ್ಲಿ ಎಂದರು.

ಅದೇ ದಿನ ಆಫೀಸಿನಿಂದ ಬಂದ ಗ್ರೀಷ್ಮಾ ಅಮ್ಮನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು ಮುಲಾಮು ತಿಕ್ಕಿದಳು. ಮಣಿಕಟ್ಟು ಇಷ್ಟು ಊದಿದ್ದು ತನಗೆ ಕಾಣಲೇ ಇಲ್ಲವಲ್ಲ ಎಂದಳು. ಮುಲಾಮಿನ ಮುಚ್ಚಳ ತಿರುವುತ್ತ, "ನಿಂಗೇನ್ ಬೇಕು ಅಮ್ಮ?" ಎಂದು ಕೇಳಿದಳು. ದೇಚಮ್ಮನಿಗೆ ಅಂಗಡಿ ಮುಚ್ಚಬೇಕೆಂಬ ಆಸೆ ತನಗೆ ಇಲ್ಲ ಎಂಬುದು ಮಾತ್ರ ಆ ಹೊತ್ತಿಗೆ ತಿಳಿಯಿತು. ಒಂದು ದಿನ ಮಧ್ಯಾಹ್ನ ಮಲಗಬೇಕು ಎಂದಳು. ಮಗಳು ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ಕೂಟರು ನಿಂತ ಸದ್ದಾಯಿತು. ಬೋಪಣ್ಣ ಅಡುಗೆಮನೆಗೆ ಹೋಗಲಿಲ್ಲ, ಬಚ್ಚಲಿಗೂ ಹೋಗಲಿಲ್ಲ. ಪೆಟ್ಟಿಗೆಯನ್ನು ವರಾಂಡಕ್ಕೇ ತಂದು ದೇಚಮ್ಮನ ಮುಂದೆ ಇಳಿಸಿ, ಕುಕ್ಕರಗಾಲಲ್ಲಿ ಕೂತ. ಅಪ್ಪಣ್ಣ ಗಂಜಿಯ ಬಟ್ಟಲು ಹಿಡಿದು ನೋಡುತ್ತಿದ್ದರು. ಗ್ರೀಷ್ಮಾ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಳು. ಅವನ ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

"ದೇಚು, ನಂಗೆ ವಾಸನೆ ಹೋಗಿದೆ. ಜನವರಿಯಿಂದ ಏನೂ ಗೊತ್ತಾಗ್ತಿಲ್ಲ. ಇದು ಚೆನ್ನಾಗಿದ್ಯಾ, ನೋಡಿ ಹೇಳ್ತೀಯಾ?"

ಅಪ್ಪನ ಎದುರು, ಮಗಳ ಎದುರು ಅದನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ದೇಚಮ್ಮನಿಗೆ ಗೊತ್ತು. ಅಯ್ಯೋ ಅನಿಸಿತು. ಅನಿಸಿದ ಕೂಡಲೇ ಕರಗಿಹೋಗಬಾರದು ಎಂದೂ ಅನಿಸಿತು. ಸೆರಗಿಗೆ ಕೈ ಒರೆಸಿಕೊಂಡು ಪೆಟ್ಟಿಗೆ ತೆರೆದಳು. ಅವಸರವಿಲ್ಲದೆ, ಎಲ್ಲರ ಕಣ್ಣೆದುರಿಗೆ ಒಂದೊಂದನ್ನೂ ಎತ್ತಿ ಮೂಸಿದಳು. ಟ್ಯೂನಾ ಸರಿಯಿತ್ತು. ಅಂಜಲು ಸರಿಯಿತ್ತು. ಬಂಗುಡೆಯಲ್ಲಿ ಎರಡನ್ನು ತೆಗೆದು ಪಕ್ಕಕ್ಕಿಟ್ಟಳು.

"ಅಂಗಡಿ ವಾರಕ್ಕೆ ಮೂರು ಸಂಜೆ. ಅದಕ್ಕಿಂತ ಹೆಚ್ಚು ಆಗಲ್ಲ ನನ್ನ ಕೈಲಿ," ಎಂದಳು. "ಮೂಸ್ತೀನಿ, ಬೇಡ ಅಂದಿದ್ದನ್ನ ನೀವು ಮುಟ್ಟಬಾರ್ದು. ಅನ್ನ ಇನ್ಮೇಲೆ ನಿಮ್ಮದು."

"ಅನ್ನ ನಂಗೆ ಬರಲ್ವಲ್ಲ."

"ಮೀನು ಮೂಸೋದು ನಂಗೂ ಬರ್ತಿರ್ಲಿಲ್ಲ."

ಹಾಗಲ್ಲ, ಕೋಬೆಯ ಪದ್ಧತಿ ಎಂದು ಅವನು ಏನೋ ಹೇಳಹೊರಟ. ಪದ್ಧತಿ ಮಾಡಿದ ಮುದುಕನಿಗೆ ಕೊನೆಯವರೆಗೂ ಮೂಗು ಇತ್ತು ಎಂದು ದೇಚಮ್ಮ ಅಂದಳು. ಅಪ್ಪಣ್ಣ ಗಂಜಿ ಕುಡಿಯುವುದರಲ್ಲಿ ಮಗ್ನರಾದರು. ಹೊರಗೆ ಕ್ಯಾಬಿನವನು ಹಾರ್ನ್ ಹೊಡೆಯುತ್ತಿದ್ದ. ಗ್ರೀಷ್ಮಾ ಇನ್ನೊಂದು ಚಪ್ಪಲಿ ಹಾಕಿಕೊಂಡು, ಡಬ್ಬಿ ಇವತ್ತು ಬೇಡ, ಅಲ್ಲೇ ತಿನ್ನುತ್ತೇನೆ ಎಂದು ಓಡಿದಳು.

ಆ ಮಧ್ಯಾಹ್ನ ದೇಚಮ್ಮ ಮಲಗಿದಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ನೀರು ಸುರಿದ ಸದ್ದು, ಬೀಸಣಿಗೆಯ ಪಟಪಟ ಕೇಳಿಸುತ್ತಿತ್ತು. ಎದ್ದು ಹೋಗಿ ನೋಡಬೇಕೆಂದು ಎರಡು ಸಲ ಅನಿಸಿತು. ಮೂರನೆಯ ಸಲ ಅನಿಸುವಷ್ಟರಲ್ಲಿ ನಿದ್ದೆ ಬಂದಿತ್ತು.

ಸಂಜೆಗೆ ಅತಿಥಿಗಳಾರನ್ನೂ ಕರೆದಿರಲಿಲ್ಲ. ಏಳು ಗಂಟೆಗೆ ಬೋಪಣ್ಣ ಬಿಳಿ ಅಂಗಿ ತೊಟ್ಟು, ಎಂದಿನಂತೆ ಕೌಂಟರಿನ ಹಿಂದೆ ನಿಂತು, ಬನ್ನಿ ಎಂದ. ಅಪ್ಪಣ್ಣ ತಮಗೆ ಮೊಟ್ಟೆಯದು ಸಾಕು ಎಂದು ಗೋಡೆಯ ಪಕ್ಕದ ಸ್ಟೂಲು ಹಿಡಿದರು. ಗ್ರೀಷ್ಮಾ ಅವರ ಪಕ್ಕ. ದೇಚಮ್ಮ ನಡುವಿನ ಸ್ಟೂಲಿನ ಮೇಲೆ ಕೂತಳು. ಊಟದವರು ಕೂರುವ ಜಾಗದಲ್ಲಿ ಅವಳು ಕೂತದ್ದು ಅಂದೇ ಮೊದಲು. ಸ್ಟೂಲು ಎತ್ತರವಾಗಿತ್ತು, ಕಾಲು ನೆಲಕ್ಕೆ ತಾಗಲಿಲ್ಲ. ಎದುರಿಗೆ ಅಡುಗೆಮನೆಯ ಪರದೆ ಕಂಡಿತು. ಇಷ್ಟು ವರ್ಷ ಬಂದವರಿಗೆಲ್ಲ ತಾನು ಪರದೆಯಾಗಿಯೇ ಕಂಡಿದ್ದಿರಬೇಕು ಎಂದುಕೊಂಡಳು.

ಅವನು ಅಂಜಲಿನ ಚೂರೊಂದನ್ನು ಅನ್ನದ ಮೇಲೆ ಒತ್ತಿ, ಸೋಯಾ ಸವರಿ, ಅವಳ ಮುಂದಿಟ್ಟ. ಅವಳು ಬೆರಳಲ್ಲಿ ಎತ್ತಿಕೊಳ್ಳುವಾಗಲೇ ಅನ್ನ ಒಂದು ಕಡೆ ಉದುರಿತು. ಬಾಯಿಗಿಟ್ಟಳು. ಮೀನು ಚೆನ್ನಾಗಿತ್ತು. ಅನ್ನ ಒಳಗೆ ಗಟ್ಟಿ, ಮೇಲೆ ಅಂಟು, ಹುಳಿ ಹೆಚ್ಚು. ಬೋಪಣ್ಣ ಕೈಕಟ್ಟಿಕೊಂಡು ಅವಳ ಬಾಯನ್ನೇ ನೋಡುತ್ತ ನಿಂತಿದ್ದ. ಅವನ ಎಡಗೈಯ ಎರಡು ಬೆರಳು ಹಬೆಗೆ ಸುಟ್ಟು ಕೆಂಪಾಗಿದ್ದವು.

"ಅನ್ನ ಚೆನ್ನಾಗಿಲ್ಲ," ಎಂದಳು.

"ಗೊತ್ತು," ಎಂದ ಅವನು. "ನಾಲ್ಕು ಸಲ ಮಾಡಿದೆ. ಇದೇ ವಾಸಿ."

ಸಿಟ್ಟು ಪೂರ್ತಿ ಹೋಗಿರಲಿಲ್ಲ. ಮಣಿಕಟ್ಟು ಈಗಲೂ ನೋಯುತ್ತಿತ್ತು, ನಾಳೆಯೂ ನೋಯುತ್ತದೆ. ಆದರೆ ಈ ಅಕ್ಕಿಯನ್ನು ಅವಳು ತೊಳೆದಿರಲಿಲ್ಲ, ಈ ಅನ್ನವನ್ನು ಅವಳು ಆರಿಸಿರಲಿಲ್ಲ. ಕೂತಲ್ಲಿಗೆ ಒಬ್ಬರು ತಂದಿಟ್ಟಿದ್ದರು. ಅವಳಿಗೆ ಬಹಳ ಹಸಿವಾಗಿತ್ತು. ತಟ್ಟೆಗೆ ಉದುರಿದ ಅನ್ನದ ಕಾಳನ್ನೂ ಆರಿಸಿ ತಿಂದು, ತಟ್ಟೆಯನ್ನು ಗಂಡನ ಕಡೆ ಸರಿಸಿದಳು.

"ಇನ್ನೆರಡು ಹಾಕಿ."